ಸುಟ್ಟುಹೋದ ಹೆಣ, ಮುಗಿಯದ ಚರ್ಚೆ: 'ಸಂಸ್ಕಾರ'ದಲ್ಲಿ ವ್ಯಂಗ್ಯ ಎಲ್ಲಿದೆ?

ಅಕ್ಕನ ಮಗಳು ಬಿ.ಎ. ಓದುತ್ತಿದ್ದಾಳೆ. ಮೊನ್ನೆ ರಾತ್ರಿ ಫೋನ್ ಮಾಡಿದಳು. "ಚಿಕ್ಕಮ್ಮಾ, ನಾಡಿದ್ದು ಇಂಟರ್ನಲ್ಸ್. 'ಸಂಸ್ಕಾರ ಕಾದಂಬರಿಯಲ್ಲಿ ವ್ಯಂಗ್ಯ' ಅಂತ ಪ್ರಶ್ನೆ ಬರುತ್ತಂತೆ. ನಾನು ಪೂರ್ತಿ ಓದಿದೆ, ಒಂದು ಕಡೆನೂ ನಗು ಬರಲಿಲ್ಲ. ವ್ಯಂಗ್ಯ ಎಲ್ಲಿದೆ ಇದರಲ್ಲಿ?"

ಅವಳದು ತಪ್ಪು ಪ್ರಶ್ನೆಯಲ್ಲ. ಯು.ಆರ್. ಅನಂತಮೂರ್ತಿಯವರ ಈ ಕಾದಂಬರಿ ಬಂದಿದ್ದು 1965ರಲ್ಲಿ. 60 ವರ್ಷದಿಂದ ಇದನ್ನು ಓದುತ್ತಿದ್ದೇವೆ, ಇದರ ಬಗ್ಗೆ ಜಗಳ ಆಡುತ್ತಿದ್ದೇವೆ. ಇದೊಂದು ಜಾತಿಯನ್ನು ಬೈಯಲು ಬರೆದ ಪುಸ್ತಕ ಅಂತ ಕೆಲವರು ಹೇಳಿದರೆ, ಇನ್ನು ಕೆಲವರು ಕಾಮದ ಕಥೆ ಅಂತಾರೆ. ಎರಡೂ ಮಾತು ಹುಟ್ಟುವುದು ಕಥೆಯನ್ನು ನೇರವಾಗಿ ಓದಿದಾಗ. ಈ ಕಾದಂಬರಿ ತನ್ನ ಮುಖ್ಯ ಮಾತನ್ನು ನೇರವಾಗಿ ಹೇಳುವುದೇ ಇಲ್ಲ. ಹಾಗಾಗಿ ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಪುಸ್ತಕ ಓದಿಲ್ಲದವರಿಗೂ ಅರ್ಥವಾಗಬೇಕು ಅನ್ನುವುದು ನನ್ನ ಆಸೆ. ಆದರೆ ಕಥೆ ಪೂರ್ತಿ ಹೊರಬೀಳುತ್ತದೆ, ಅದು ಗೊತ್ತಿರಲಿ.

ವ್ಯಂಗ್ಯ ಅಂದರೆ ಗೇಲಿಯಲ್ಲ

ನಾವು ದಿನಾ ಆಡುವ ಮಾತಿನಲ್ಲಿ ವ್ಯಂಗ್ಯ ಅಂದರೆ ಚುಚ್ಚುಮಾತು. ಮದುವೆ ಊಟ ಮುಗಿದ ಮೇಲೆ ಬಂದವನಿಗೆ "ಬಾಪ್ಪಾ, ಸರಿಯಾದ ಹೊತ್ತಿಗೆ ಬಂದೆ" ಅನ್ನುತ್ತೇವಲ್ಲ, ಅದು. ಹೇಳಿದ್ದು ಒಂದು, ಅರ್ಥ ಅದರ ತಿರುಗುಮುರುಗು. ಇದು ಮಾತಿನ ವ್ಯಂಗ್ಯ.

ಆದರೆ ಮಾತೇ ಇಲ್ಲದೆಯೂ ವ್ಯಂಗ್ಯ ಇರಬಹುದು. ಬೇಲಿಯೇ ಎದ್ದು ಹೊಲ ಮೇಯಿತು ಅಂತೀವಲ್ಲ, ಅಲ್ಲಿ ಯಾರೂ ಯಾರನ್ನೂ ಚುಚ್ಚುತ್ತಿಲ್ಲ. ಕಾಯಬೇಕಾದದ್ದೇ ತಿಂದುಹಾಕಿದೆ, ಆಗಬೇಕಾದದ್ದಕ್ಕೂ ಆದದ್ದಕ್ಕೂ ಎದುರುಬದುರು. ಇದು ಸನ್ನಿವೇಶದ ವ್ಯಂಗ್ಯ.

ಮೂರನೆಯದು ಯಕ್ಷಗಾನ ನೋಡಿದವರಿಗೆ ಚೆನ್ನಾಗಿ ಗೊತ್ತು. ರಾವಣ ಸನ್ಯಾಸಿ ವೇಷದಲ್ಲಿ ಪರ್ಣಕುಟಿಯ ಮುಂದೆ ನಿಂತು ಭಿಕ್ಷೆ ಕೇಳುತ್ತಾನೆ. ಅವನು ಯಾರು ಅಂತ ನಮಗೆ ಗೊತ್ತು, ಸೀತೆಗೆ ಗೊತ್ತಿಲ್ಲ. ಅವಳು ಭಕ್ತಿಯಿಂದ ಆಡುವ ಒಂದೊಂದು ಮಾತೂ ನಮಗೆ ಬೇರೆ ಥರ ಕೇಳಿಸುತ್ತದೆ, ಹೊಟ್ಟೆಯೊಳಗೆ ಕಸಿವಿಸಿ. ಪಾತ್ರಕ್ಕಿಂತ ನೋಡುವವರಿಗೆ ಜಾಸ್ತಿ ಗೊತ್ತಿದ್ದಾಗ ಹುಟ್ಟುವ ಇದಕ್ಕೆ ನಾಟಕೀಯ ವ್ಯಂಗ್ಯ ಅಂತ ಹೆಸರು.

ಮೂರರಲ್ಲೂ ಕಾಣುವುದು ಒಂದು, ಇರುವುದು ಇನ್ನೊಂದು. ನಗು ಬರಲೇಬೇಕು ಅಂತೇನಿಲ್ಲ. 'ಸಂಸ್ಕಾರ'ದಲ್ಲಿ ಎರಡನೆಯದು ಮತ್ತು ಮೂರನೆಯದೇ ಜಾಸ್ತಿ, ಅದಕ್ಕೇ ಅವಳಿಗೆ ನಗು ಬಂದಿಲ್ಲ.

ಇನ್ನೊಂದು ಪದ ಆಶಯ. ಏನಾಯಿತು ಅನ್ನುವುದು ಕಥೆ. ಆ ಕಥೆಯ ಮೂಲಕ ಕಾದಂಬರಿ ಯಾವುದರ ಬಗ್ಗೆ ತಲೆಕೆಡಿಸಿಕೊಂಡಿದೆ ಅನ್ನುವುದು ಆಶಯ.

ಕಥೆ ಇಷ್ಟು

ತೀರ್ಥಹಳ್ಳಿ ಸೀಮೆಯಲ್ಲಿ, ತುಂಗಾ ನದಿಯ ಹತ್ತಿರ ದೂರ್ವಾಸಪುರ ಅನ್ನುವ ಮಾಧ್ವ ಬ್ರಾಹ್ಮಣರ ಅಗ್ರಹಾರ. ಅಲ್ಲಿ ಇಬ್ಬರು. ಒಬ್ಬರು ಪ್ರಾಣೇಶಾಚಾರ್ಯರು, ಕಾಶಿಯಲ್ಲಿ ಓದಿ ಬಂದ ವೇದಾಂತ ಶಿರೋಮಣಿ, ಎಲ್ಲರಿಗೂ ಗುರು. ಇನ್ನೊಬ್ಬ ನಾರಣಪ್ಪ. ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಕುಂದಾಪುರದ ಚಂದ್ರಿಯನ್ನು ಕರೆತಂದು ಮನೆಯಲ್ಲಿಟ್ಟುಕೊಂಡವನು, ಕುಡಿಯುವವನು, ಮಾಂಸ ತಿನ್ನುವವನು, ಮುಸ್ಲಿಮರ ಜೊತೆ ಸೇರಿ ದೇವಸ್ಥಾನದ ಕೆರೆಯ ಮೀನು ಹಿಡಿಸಿದವನು. ಬಹಿಷ್ಕಾರ ಹಾಕಿದರೆ ಮುಸ್ಲಿಂ ಆಗುತ್ತೇನೆ ಅಂತ ಹೆದರಿಸಿದ್ದರಿಂದ ಯಾರೂ ಅವನನ್ನು ಜಾತಿಯಿಂದ ಹೊರಗೆ ಹಾಕಿರಲಿಲ್ಲ.

ಅವನು ಶಿವಮೊಗ್ಗಕ್ಕೆ ಹೋಗಿ ಜ್ವರ ಹಿಡಿಸಿಕೊಂಡು ಬಂದು ಸಾಯುತ್ತಾನೆ. ಮಕ್ಕಳಿಲ್ಲ. ಹಾಗಾದರೆ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಬ್ರಾಹ್ಮಣ್ಯ ಬಿಟ್ಟವನ ಹೆಣ ಬ್ರಾಹ್ಮಣನ ಹೆಣವೋ ಅಲ್ಲವೋ? ಇದು ತೀರ್ಮಾನ ಆಗುವವರೆಗೆ ಅಗ್ರಹಾರದಲ್ಲಿ ಪೂಜೆಯಿಲ್ಲ, ದೊಡ್ಡವರಿಗೆ ಊಟವಿಲ್ಲ. ಮಲೆನಾಡಿನ ಬೇಸಿಗೆ ಬೇರೆ. ಹೆಣ ಕೊಳೆಯಲು ಶುರುವಾಗುತ್ತದೆ.

ಬಂಗಾರ ಕಂಡ ಮೇಲೆ

ಮೊದಲನೇ ಸಭೆ. ಗರುಡಾಚಾರ್ಯ, ಲಕ್ಷ್ಮಣಾಚಾರ್ಯ ಇಬ್ಬರೂ ನಾರಣಪ್ಪನಿಗೆ ಬಂಧುಗಳು. ನನಗಲ್ಲ, ನಿನಗೇ ಹತ್ತಿರ ಅಂತ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಪಾಪಿಯ ಹೆಣ ಮುಟ್ಟಿದರೆ ತಾವೂ ಕೆಟ್ಟೆವು ಅನ್ನುವ ಭಯ.

ಆಗ ಚಂದ್ರಿ ಮುಂದೆ ಬಂದು ಮೈಮೇಲಿದ್ದ ಒಡವೆಗಳನ್ನೆಲ್ಲ ಬಿಚ್ಚಿ ಆಚಾರ್ಯರ ಮುಂದೆ ಇಡುತ್ತಾಳೆ. ಸಂಸ್ಕಾರದ ಖರ್ಚಿಗೆ ಇರಲಿ ಅಂತ. ಅಷ್ಟೇ ಅವಳು ಮಾಡಿದ್ದು.

ಈ ಜಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಚಿನ್ನದ ರಾಶಿ ನೆಲದ ಮೇಲಿದೆ, ಸುತ್ತ ಕೂತವರ ಕಣ್ಣು ಅದರ ಮೇಲಿದೆ. ಹೆಂಗಸರು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಲಕ್ಷ್ಮಣಾಚಾರ್ಯನ ಹೆಂಡತಿ ಅನಸೂಯಾಗೆ ಅದು ತನ್ನ ತಂಗಿಯ ಕೊರಳಲ್ಲಿ ಇರಬೇಕಾದ ಚಿನ್ನ, ಏಕೆಂದರೆ ನಾರಣಪ್ಪ ಬಿಟ್ಟ ಹೆಂಡತಿ ಅವಳ ತಂಗಿಯೇ. ಆಮೇಲೆ ಏನಾಗುತ್ತದೆ? ನನ್ನ ಸಂಬಂಧವಲ್ಲ ಅಂದವರೇ ಒಬ್ಬೊಬ್ಬರಾಗಿ ಆಚಾರ್ಯರ ಹತ್ತಿರ ಬಂದು, ಅಪ್ಪಣೆಯಾದರೆ ಸಂಸ್ಕಾರ ತಾನೇ ಮಾಡುತ್ತೇನೆ ಅನ್ನತೊಡಗುತ್ತಾರೆ. ಹೆಣ ಅದೇ, ಶಾಸ್ತ್ರವೂ ಅದೇ. ಮಧ್ಯೆ ಬಂದದ್ದು ಚಿನ್ನ ಮಾತ್ರ.

ಲೇಖಕರು ಇಲ್ಲಿ 'ಇವರು ದುರಾಸೆಯವರು' ಅಂತ ಬರೆದಿದ್ದರೆ ನಾವು ಒಪ್ಪಿ ಮುಂದಿನ ಪುಟಕ್ಕೆ ಹೋಗುತ್ತಿದ್ದೆವು. ಬರೆಯಲಿಲ್ಲ. ಮೊದಲು ಆಡಿದ ಮಾತು, ಆಮೇಲೆ ಆಡಿದ ಮಾತು, ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟರು. ತೀರ್ಪು ಕೊಡುವ ಕೆಲಸ ನಮ್ಮ ಪಾಲಿಗೆ ಬಂತು. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ ಅನ್ನುವ ಗಾದೆ ಅಜ್ಜಿ ಬಾಯಲ್ಲಿ ಕೇಳಿದ್ದೇವೆ, ಇಲ್ಲಿ ಅದು ಕಣ್ಣೆದುರೇ ನಡೆಯುತ್ತದೆ.

ಆದರೆ ಒಂದು ಮಾತು. ಈ ಜನರನ್ನು ಕಾದಂಬರಿ ಬರೀ ಕೆಟ್ಟವರು ಅಂತ ತೋರಿಸುವುದಿಲ್ಲ. ದಾಸಾಚಾರ್ಯ ಅಂತ ಒಬ್ಬ ಬಡ ಬ್ರಾಹ್ಮಣ ಇದ್ದಾನೆ, ತಿಥಿ ಊಟವನ್ನೇ ನಂಬಿ ಬದುಕುವವನು. ಹಸಿವು ತಡೆಯಲಾಗದೆ ಗುಟ್ಟಾಗಿ ಪಾರಿಜಾತಪುರದ ಸ್ಮಾರ್ತರ ಮನೆಗೆ ಹೋಗಿ ತಿಂದುಬರುತ್ತಾನೆ. ತನಗಿಂತ ಕೀಳು ಅಂದುಕೊಂಡವರ ಮನೆ ಅದು. ಓದುವಾಗ ನನಗಂತೂ ಅವನ ಮೇಲೆ ಸಿಟ್ಟು ಬರುವುದಿಲ್ಲ, ಅಯ್ಯೋ ಅನ್ನಿಸುತ್ತದೆ. ಮಡಿ ಸುಳ್ಳಾಗುವುದು ದುಷ್ಟತನದಿಂದ ಮಾತ್ರವಲ್ಲ, ಬರೀ ಹೊಟ್ಟೆಹಸಿವಿನಿಂದಲೂ ಅನ್ನುವುದನ್ನು ಈ ಸಣ್ಣ ಪ್ರಸಂಗ ತೋರಿಸಿಬಿಡುತ್ತದೆ.

ಓದುವವರಿಗೆ ಮಾತ್ರ ಗೊತ್ತಿರುವ ಗುಟ್ಟು

ಈಗ ಕಾದಂಬರಿಯ ಹೃದಯಕ್ಕೆ ಬರೋಣ. ಆಚಾರ್ಯರು ತಾಳೆಗರಿ ಗ್ರಂಥಗಳನ್ನೆಲ್ಲ ಹುಡುಕುತ್ತಾರೆ, ಉತ್ತರ ಸಿಗುವುದಿಲ್ಲ. ಕಾಡಿನ ಮಾರುತಿ ಗುಡಿಗೆ ಹೋಗಿ ದೇವರಲ್ಲಿ ಪ್ರಸಾದ ಕೇಳುತ್ತಾರೆ. ಬಲಗಡೆ ಹೂ ಬಿದ್ದರೆ ಒಂದು, ಎಡಗಡೆ ಬಿದ್ದರೆ ಇನ್ನೊಂದು. ಇಡೀ ದಿನ ಕಾದರೂ ಹೂ ಬೀಳುವುದಿಲ್ಲ. ಸೋತು ಕತ್ತಲಲ್ಲಿ ವಾಪಸು ಬರುವಾಗ ಚಂದ್ರಿ ಎದುರಾಗುತ್ತಾಳೆ, ಅವರ ಕಾಲಿಗೆ ಬೀಳುತ್ತಾಳೆ. ಆ ರಾತ್ರಿ ಇಬ್ಬರೂ ಕೂಡುತ್ತಾರೆ. ನಾರಣಪ್ಪ ಹೆಂಡತಿಯನ್ನು ಬಿಟ್ಟು ಯಾರ ಜೊತೆ ಬಾಳಿದ್ದನೋ ಅವಳ ತೊಡೆಯ ಮೇಲೆಯೇ ಆಚಾರ್ಯರಿಗೆ ಎಚ್ಚರವಾಗುತ್ತದೆ. ಅವಳು ಅವರಿಗೆ ಬಾಳೆಹಣ್ಣು ತಿನ್ನಿಸುತ್ತಾಳೆ. ಹೆಣದ ಕಾರಣಕ್ಕೆ ಉಪವಾಸ ಇದ್ದವರ ಹೊಟ್ಟೆಗೆ ಬಿದ್ದ ಮೊದಲ ಆಹಾರ ಅದು.

ಜಾಸ್ತಿ ಜನ ಇದೇ ಕಾದಂಬರಿಯ ತಿರುವು ಅಂತಾರೆ. ಹೌದು, ಆದರೆ ಅದರ ಬೆನ್ನಿಗೇ ಇನ್ನೊಂದು ನಡೆಯುತ್ತದೆ. ಮೊದಲ ಸಲ ಓದಿದಾಗ ನಾನು ಅದನ್ನು ಸುಮ್ನೆ ದಾಟಿಕೊಂಡು ಹೋಗಿದ್ದೆ. ಎಷ್ಟೋ ಮುಂದೆ ಹೋದ ಮೇಲೆ, 'ಇರು, ಹೆಣ ಅಲ್ಲಿಲ್ಲವಲ್ಲ!' ಅಂತ ತಲೆಗೆ ಬಂದು ಪುಟ ಹಿಂದಕ್ಕೆ ತಿರುಗಿಸಿದ್ದೆ.

ಚಂದ್ರಿ ಮನೆಗೆ ಹೋಗುತ್ತಾಳೆ. ಊದಿಕೊಂಡು ನಾರುವ ಹೆಣ ನೋಡುತ್ತಾಳೆ. ಇದು ತನ್ನ ಜೊತೆ ಬಾಳಿದವನಲ್ಲ ಅನ್ನಿಸುತ್ತದೆ. ಇದು ಬ್ರಾಹ್ಮಣನೂ ಅಲ್ಲ, ಶೂದ್ರನೂ ಅಲ್ಲ, ಬರೀ ಹೆಣ. ಅಗ್ರಹಾರದ ಪಂಡಿತರೆಲ್ಲ ಊಟ ಬಿಟ್ಟು ಕೂತು ಬಗೆಹರಿಸಲಾಗದ ಪ್ರಶ್ನೆ ಅವಳಿಗೆ ಪ್ರಶ್ನೆಯಾಗಿಯೇ ಉಳಿಯುವುದಿಲ್ಲ. ಮೊದಲು ಗಾಡಿ ಹೊಡೆಯುವ ಶೇಷಪ್ಪನನ್ನು ಕೇಳುತ್ತಾಳೆ. ಬ್ರಾಹ್ಮಣನ ಹೆಣ ಮುಟ್ಟಿದರೆ ಪಾಪ ಅಂತ ಅವನು ಹೆದರುತ್ತಾನೆ. ಆಮೇಲೆ ಮೀನು ವ್ಯಾಪಾರದ ಅಹಮದ್ ಬ್ಯಾರಿಯ ಹತ್ತಿರ ಹೋಗುತ್ತಾಳೆ. ಎತ್ತು ಕೊಳ್ಳಲು ಹಿಂದೆ ಅವನಿಗೆ ನಾರಣಪ್ಪ ಸಾಲ ಕೊಟ್ಟಿದ್ದ. ಆ ಋಣಕ್ಕೆ ಅವನು ಗಾಡಿ ಕಟ್ಟಿ, ಸೌದೆ ಹೇರಿಕೊಂಡು ಬಂದು, ಯಾರಿಗೂ ಗೊತ್ತಾಗದ ಹಾಗೆ ಕತ್ತಲಲ್ಲೇ ಹೆಣ ಸುಟ್ಟು ಹೋಗುತ್ತಾನೆ. ಚಂದ್ರಿ ಅತ್ತು, ಗಂಟು ಕಟ್ಟಿಕೊಂಡು ಕುಂದಾಪುರದ ದಾರಿ ಹಿಡಿಯುತ್ತಾಳೆ.

ಮುಗಿಯಿತು. ಹೆಣದ ಸಮಸ್ಯೆ ಇಲ್ಲಿಗೆ ಬಗೆಹರಿಯಿತು.

ಆದರೆ ಅಗ್ರಹಾರದವರಿಗೆ ಗೊತ್ತಿಲ್ಲ. ಆಚಾರ್ಯರಿಗೂ ಗೊತ್ತಿಲ್ಲ. ಗೊತ್ತಿರುವುದು ಚಂದ್ರಿಗೆ, ಬ್ಯಾರಿಗೆ, ಮತ್ತು ಓದುತ್ತಿರುವ ನಮಗೆ. ಇಲ್ಲಿಂದ ಮುಂದೆ ಇಡೀ ಅಗ್ರಹಾರ ಸೀತೆಯ ಜಾಗದಲ್ಲಿದೆ, ನಾವು ಯಕ್ಷಗಾನ ನೋಡುವವರ ಜಾಗದಲ್ಲಿ ಕೂತಿದ್ದೇವೆ. ಇಲ್ಲದ ಹೆಣದ ಕಾರಣಕ್ಕೆ ಅವರು ಉಪವಾಸ ಇದ್ದಾರೆ. ಅದನ್ನು ಏನು ಮಾಡಬೇಕು ಅಂತ ಕೇಳಲು ಕೈಮರ ಅನ್ನುವ ಇನ್ನೊಂದು ಅಗ್ರಹಾರಕ್ಕೆ ನಡೆಯುತ್ತಾರೆ, ಅಲ್ಲಿಂದ ಮಠಕ್ಕೆ ಹೋಗುತ್ತಾರೆ. ದಾರಿಯಲ್ಲಿ ದಾಸಾಚಾರ್ಯ ಕಾಯಿಲೆ ಬಿದ್ದು ಸಾಯುತ್ತಾನೆ. ಮಠದ ಸ್ವಾಮಿಗಳು ಸಂಸ್ಕಾರ ಮಾಡಿ ಅನ್ನುತ್ತಾರೆ, ನಾರಣಪ್ಪನ ಚಿನ್ನ ಶ್ರೀಕೃಷ್ಣನಿಗೆ ಸಲ್ಲಬೇಕು ಅಂತಲೂ ಹೇಳುತ್ತಾರೆ.

ಇಲ್ಲಿ ವ್ಯಂಗ್ಯ ಆಶಯವನ್ನು ಹೇಗೆ ಹೊತ್ತು ತರುತ್ತದೆ ನೋಡಿ. ಧರ್ಮ ಎಲ್ಲಿದೆ, ನಿಯಮದಲ್ಲೋ ಮಾಡುವ ಕೆಲಸದಲ್ಲೋ ಅನ್ನುವುದು ಕಾದಂಬರಿಯ ದೊಡ್ಡ ಚಿಂತೆ. ಇದನ್ನು ಯಾವ ಪಾತ್ರವೂ ಭಾಷಣ ಮಾಡುವುದಿಲ್ಲ. ಸತ್ತವನಿಗೆ ಸಲ್ಲಬೇಕಾದ ಕೊನೆಯ ಕೆಲಸವನ್ನು ಶಾಸ್ತ್ರದಲ್ಲಿ ಅಧಿಕಾರವೇ ಇಲ್ಲದ ಇಬ್ಬರು ಒಂದೇ ರಾತ್ರಿಯಲ್ಲಿ ಮಾಡಿ ಮುಗಿಸುತ್ತಾರೆ. ಅಧಿಕಾರ ಇದ್ದವರು ದಿನಗಟ್ಟಲೆ ಚರ್ಚೆಯಲ್ಲೇ ಇರುತ್ತಾರೆ. ಆಮೇಲೆ ಅವರು ಆಡುವ ಒಂದೊಂದು ಶಾಸ್ತ್ರದ ಮಾತೂ ನಮ್ಮ ಕಿವಿಯಲ್ಲಿ ಟೊಳ್ಳಾಗಿ ಕೇಳುತ್ತದೆ. ಟೊಳ್ಳು ಅಂತ ಲೇಖಕರು ಹೇಳಿಲ್ಲ. ನಮಗೆ ಗುಟ್ಟು ಗೊತ್ತಿರುವುದರಿಂದ ಹಾಗೆ ಕೇಳುತ್ತದೆ.

ಬ್ಯಾರಿಯದು ಇನ್ನೂ ಒಂದು ಸುತ್ತು ಇದೆ. ನಾರಣಪ್ಪ ಮುಸ್ಲಿಂ ಆಗಿಬಿಟ್ಟರೆ ಅಗ್ರಹಾರ ಮೈಲಿಗೆಯಾಗುತ್ತದೆ ಅನ್ನುವ ಭಯದಿಂದಲೇ ತಾನೇ ಅವನನ್ನು ಬ್ರಾಹ್ಮಣನಾಗಿ ಉಳಿಸಿಕೊಂಡಿದ್ದು? ಕೊನೆಗೆ ಅವನ ಚಿತೆಗೆ ಸೌದೆ ತಂದವನು ಮುಸ್ಲಿಂ.

ಇಲಿ ಹೇಳಿದ ಸತ್ಯ

ಇನ್ನೊಂದು ಗುಟ್ಟನ್ನೂ ನಾವು ಅವರಿಗಿಂತ ಮೊದಲೇ ಹಿಡಿಯುತ್ತೇವೆ. ಮನೆಮನೆಯಲ್ಲಿ ಇಲಿಗಳು ಗಿರಗಿರ ಸುತ್ತಿ ಸಾಯುತ್ತವೆ, ಸೂರಿನ ಮೇಲೆ ಹದ್ದುಗಳು ಬಂದು ಕೂರುತ್ತವೆ. ಅಗ್ರಹಾರದವರು ಇದನ್ನು ನಾರಣಪ್ಪನ ಪಾಪದ ಫಲ ಅಂತ ಓದುತ್ತಾರೆ. ಮಂಗಳಾರತಿಗೆ ಬಾರಿಸಬೇಕಾದ ಜಾಗಟೆ, ಊದಬೇಕಾದ ಶಂಖ ಹದ್ದು ಓಡಿಸಲು ಬಳಕೆಯಾಗುತ್ತವೆ. ಓದುವವರಿಗೆ ಇದು ಪ್ಲೇಗ್ ಅಂತ ಗೊತ್ತು.

ಪಾಪ ಯಾರದು ಅಂತ ಹುಡುಕುತ್ತಾ ಕೂತವರಿಗೆ ಕಾಲಬುಡದಲ್ಲಿ ಸತ್ತು ಬಿದ್ದ ಇಲಿ ಏನು ಹೇಳುತ್ತಿದೆ ಅಂತ ಕೇಳಿಸುವುದಿಲ್ಲ. ಅಗ್ರಹಾರದ ಆಚೆ, ಕೇರಿಯಲ್ಲಿ ಬೆಳ್ಳಿ ಅನ್ನುವ ಹುಡುಗಿಯ ಅಪ್ಪ ಅಮ್ಮ ಸಾಯುತ್ತಾರೆ, ಗುಡಿಸಲಿನ ಸಮೇತ ಹೆಣಗಳನ್ನು ಸುಟ್ಟುಬಿಡುತ್ತಾರೆ. ಅಲ್ಲಿ ಚರ್ಚೆಯೂ ಇಲ್ಲ, ಸಭೆಯೂ ಇಲ್ಲ. ಅವರ ಸಾವು ಅಗ್ರಹಾರದ ಲೆಕ್ಕಕ್ಕೇ ಬರುವುದಿಲ್ಲ. ಒಂದೇ ಪ್ಲೇಗ್, ಒಂದೇ ಊರು, ಆದರೆ ಒಂದು ಹೆಣಕ್ಕೆ ಇಡೀ ಕಾದಂಬರಿಯಷ್ಟು ಚರ್ಚೆ, ಇನ್ನೆರಡು ಹೆಣಕ್ಕೆ ಕೆಲವೇ ಸಾಲು. ಈ ಅಳತೆಯ ವ್ಯತ್ಯಾಸವೇ ಒಂದು ಮಾತು ಹೇಳುತ್ತಿದೆ ಅಂತ ನನಗೆ ಅನ್ನಿಸುತ್ತದೆ.

ಆಚಾರ್ಯರನ್ನೂ ಬಿಟ್ಟಿಲ್ಲ

ಗರುಡಾಚಾರ್ಯನಂಥವರನ್ನು ಬಯಲಿಗೆಳೆಯುವುದು ಸುಲಭ. ಕಾದಂಬರಿ ದೊಡ್ಡದಾಗುವುದು ಒಳ್ಳೆಯ ಮನುಷ್ಯನನ್ನೂ ಅದೇ ಬೆಳಕಿನಲ್ಲಿ ನಿಲ್ಲಿಸುವುದರಿಂದ.

ಕಾದಂಬರಿ ಶುರುವಾಗುವುದೇ ಆಚಾರ್ಯರು ರೋಗಿಷ್ಠೆ ಹೆಂಡತಿ ಭಾಗೀರಥಿಗೆ ಸ್ನಾನ ಮಾಡಿಸಿ, ಗಂಜಿ ಕುಡಿಸುವ ದೃಶ್ಯದಿಂದ. 20 ವರ್ಷದಿಂದ ಇದೇ ಸೇವೆ. ಬೇರೆ ಮದುವೆ ಮಾಡಿಕೊಳ್ಳಿ ಅಂತ ಅವಳೇ ಹೇಳುತ್ತಾಳೆ, ಇವರು ನಕ್ಕುಬಿಡುತ್ತಾರೆ. ಓದಿದ ತಕ್ಷಣ ಎಂಥ ತ್ಯಾಗ ಅನ್ನಿಸುತ್ತದೆ. ಮೆಲ್ಲಗೆ ಇನ್ನೊಂದು ಕಾಣುತ್ತದೆ. ಇಂಥ ಹೆಂಡತಿ ಸಿಕ್ಕಿದ್ದು ತನ್ನ ಮೋಕ್ಷಕ್ಕೆ ಒಳ್ಳೆಯ ದಾರಿ ಅಂತ ಅವರು ನಂಬಿದ್ದಾರೆ. ಹಾಗಾದರೆ ಈ ಸೇವೆ ಅವಳಿಗೋ, ತನ್ನ ಪುಣ್ಯಕ್ಕೋ? ಆಸೆಯನ್ನು ಗೆದ್ದಿದ್ದೇನೆ ಅಂದುಕೊಂಡವರು ಆಸೆಯ ಎದುರಿಗೆ ನಿಂತೇ ಇರಲಿಲ್ಲ, ಪಕ್ಕಕ್ಕೆ ಸರಿದು ನಿಂತಿದ್ದರು ಅಷ್ಟೇ.

ಚಂದ್ರಿಯ ಜೊತೆ ಕಳೆದ ರಾತ್ರಿಯ ಮಾತನ್ನು ಎಲ್ಲರ ಮುಂದೆ ಹೇಳಬೇಕು ಅಂದುಕೊಳ್ಳುತ್ತಾರೆ, ಧೈರ್ಯ ಬರುವುದಿಲ್ಲ. ನಾರಣಪ್ಪ ತಾನು ಮಾಡಿದ್ದನ್ನೆಲ್ಲ ಬೀದಿಯಲ್ಲಿ ನಿಂತು ಮಾಡಿದ್ದ, ಅವನಿಗೆ ಬುದ್ಧಿ ಹೇಳುತ್ತಿದ್ದ ಗುರು ಈಗ ಬಚ್ಚಿಡುತ್ತಿದ್ದಾರೆ. ಪಾಪಿ ಯಾರು, ಪ್ರಾಮಾಣಿಕ ಯಾರು ಅನ್ನುವ ತಕ್ಕಡಿ ಇಲ್ಲಿ ಬುಡಮೇಲಾಗುತ್ತದೆ.

ಹಾಗಂತ ನಾರಣಪ್ಪ ಗೆದ್ದ ಅನ್ನಲೂ ಆಗುವುದಿಲ್ಲ. ಬ್ರಾಹ್ಮಣ್ಯವನ್ನು ಒದೆಯುತ್ತೇನೆ ಅಂದವನು ಅಗ್ರಹಾರ ಬಿಟ್ಟು ಹೋಗಲೇ ಇಲ್ಲ. ಸುತ್ತ ಮಡಿ ಇದ್ದರೆ ತಾನೇ ಅದನ್ನು ಮುರಿಯುವ ಖುಷಿ? ಎದುರಾಳಿಗಳು ಅಂತ ಕಂಡ ಇಬ್ಬರೂ ಒಬ್ಬರಿಗೊಬ್ಬರು ಬೇಕಾಗಿದ್ದವರು. ಇದೊಂದು ಜಾತಿಯನ್ನು ಬೈಯುವ ಪುಸ್ತಕ ಅನ್ನುವವರ ಕಣ್ಣಿಗೆ ಈ ಭಾಗ ಬೀಳುವುದಿಲ್ಲ. 1970ರಲ್ಲಿ ಬಂದ ಸಿನಿಮಾವನ್ನೂ ಸೆನ್ಸಾರ್ ಮಂಡಳಿ ಮೊದಲು ತಡೆದಿತ್ತು. ಆಮೇಲೆ ಅದೇ ಚಿತ್ರ ದೇಶದ ಅತ್ಯುತ್ತಮ ಕಥಾಚಿತ್ರ ಪ್ರಶಸ್ತಿ ತಂದಿತು.

ಹೆಸರಿನೊಳಗಿನ ಎರಡು ಅರ್ಥ

'ಸಂಸ್ಕಾರ' ಅಂದರೆ ಸತ್ತವರಿಗೆ ಮಾಡುವ ಕ್ರಿಯೆ. ಒಳ್ಳೆಯ ನಡತೆ, ತಿದ್ದಿಕೊಂಡ ಮನಸ್ಸು ಅಂತಲೂ ಅರ್ಥ. 'ಅವರ ಮನೆಯವರು ಸಂಸ್ಕಾರವಂತರು' ಅನ್ನುತ್ತೇವಲ್ಲ, ಹಾಗೆ. ಕಾದಂಬರಿ ಒಂದೇ ಪದದಲ್ಲಿ ಎರಡು ಪ್ರಶ್ನೆ ಕಟ್ಟಿದೆ. ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಅಂತ ಅಗ್ರಹಾರ ಕೇಳುತ್ತಿದೆ. ನಿಮ್ಮಲ್ಲಿ ಸಂಸ್ಕಾರ ಇರುವವರು ಯಾರು ಅಂತ ಕಾದಂಬರಿ ಕೇಳುತ್ತಿದೆ. ಮೊದಲನೆಯದನ್ನು ಅವರು ಗಟ್ಟಿಯಾಗಿ ಕೇಳಿದಷ್ಟೂ ಎರಡನೆಯದು ನಮಗೆ ಸ್ಪಷ್ಟವಾಗಿ ಕೇಳಿಸುತ್ತದೆ.

1976ರಲ್ಲಿ ಎ.ಕೆ. ರಾಮಾನುಜನ್ ಇದನ್ನು ಇಂಗ್ಲಿಷಿಗೆ ತಂದಾಗ ಹೆಸರನ್ನು ಹಾಗೇ ಉಳಿಸಿಕೊಂಡರು, ಉಪಶೀರ್ಷಿಕೆ ಮಾತ್ರ ಸೇರಿಸಿದರು. ಈ ಎರಡೂ ಅರ್ಥ ಒಟ್ಟಿಗೆ ಹಿಡಿಯುವ ಪದ ಅಲ್ಲಿ ಸಿಗುವುದು ಕಷ್ಟ. ಕನ್ನಡದಲ್ಲಿ ಓದುವ ನಮಗೆ ಅದು ಹುಡುಕದೆ ಸಿಗುತ್ತದೆ.

ಮೇಳಿಗೆಯ ತೇರು, ಮತ್ತು ಗಾಡಿ

ಭಾಗೀರಥಿಯೂ ಪ್ಲೇಗಿಗೆ ಸಾಯುತ್ತಾಳೆ. ಆಚಾರ್ಯರು ಅವಳನ್ನು ಸುಟ್ಟು, ಎತ್ತ ಅಂತಿಲ್ಲದೆ ನಡೆಯತೊಡಗುತ್ತಾರೆ. ದಾರಿಯಲ್ಲಿ ಪುಟ್ಟ ಅನ್ನುವವನು ಗಂಟುಬೀಳುತ್ತಾನೆ. ಬಾಯಿ ತುಂಬ ಮಾತು, ತನ್ನ ಪಕ್ಕದಲ್ಲಿ ನಡೆಯುತ್ತಿರುವವರು ಯಾರು ಅಂತ ಅವನಿಗೆ ಗೊತ್ತಿಲ್ಲ. ಮತ್ತೆ ನಮಗೆ ಮಾತ್ರ ಗೊತ್ತಿರುವ ಗುಟ್ಟು! ಇಬ್ಬರೂ ಮೇಳಿಗೆಯ ತೇರಿಗೆ ಹೋಗುತ್ತಾರೆ. ಮೇಳಿಗೆ ಅಂದರೆ ಅನಂತಮೂರ್ತಿಯವರು 1932ರಲ್ಲಿ ಹುಟ್ಟಿದ ಊರೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಈ ಕಾದಂಬರಿ ಬರೆದರು. ಅಷ್ಟು ದೂರ ಕೂತು ಹುಟ್ಟಿದೂರಿನ ಜಾತ್ರೆ, ಕೋಳಿ ಅಂಕ, ದೇವಸ್ಥಾನದ ಊಟದ ಪಂಕ್ತಿಯನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದಾರೆ.

ಆ ಪಂಕ್ತಿಯಲ್ಲಿ ಆಚಾರ್ಯರು ಹೆಂಡತಿ ಸತ್ತ ಸೂತಕ ಇಟ್ಟುಕೊಂಡೇ ಊಟಕ್ಕೆ ಕೂರುತ್ತಾರೆ. ಯಾರಾದರೂ ಗುರುತು ಹಿಡಿದರೆ ಅಂತ ಎದೆ ಹೊಡೆದುಕೊಳ್ಳುತ್ತದೆ. ಮಡಿ ಮೈಲಿಗೆ ಬಗ್ಗೆ ಊರಿಗೆಲ್ಲ ತೀರ್ಪು ಕೊಡುತ್ತಿದ್ದವರು ಎಲೆ ಮುಂದೆ ಕಳ್ಳನ ಹಾಗೆ ಕೂತಿದ್ದಾರೆ. ಕೊನೆಗೆ ಎದ್ದು ಓಡುತ್ತಾರೆ.

ಇಷ್ಟೆಲ್ಲ ಆದ ಮೇಲೆ ದೂರ್ವಾಸಪುರಕ್ಕೆ ವಾಪಸು ಹೋಗಿ ಎಲ್ಲರ ಮುಂದೆ ನಿಲ್ಲಬೇಕು ಅಂತ ನಿರ್ಧಾರ ಮಾಡುತ್ತಾರೆ. ಆ ಕಡೆ ಹೋಗುವ ಒಂದು ಗಾಡಿಯಲ್ಲಿ ಒಬ್ಬರಿಗೆ ಜಾಗ ಸಿಗುತ್ತದೆ, ಹತ್ತಿ ಕೂರುತ್ತಾರೆ. ಇನ್ನು ನಾಲ್ಕೈದು ಗಂಟೆಯ ದಾರಿ. ಹೋಗಿ ಏನು ಹೇಳುತ್ತಾರೆ, ಜನ ಏನು ಮಾಡುತ್ತಾರೆ, ಕಾದಂಬರಿ ಹೇಳುವುದಿಲ್ಲ. ಅಲ್ಲಿಗೇ ಮುಗಿಯುತ್ತದೆ.

ಅಕ್ಕನ ಮಗಳು ಇಷ್ಟು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು. "ಚಿಕ್ಕಮ್ಮಾ, ಹಾಗಾದ್ರೆ ಗಾಡೀಲಿ ಕೂತಾಗಲೂ ಹೆಣ ಸುಟ್ಟಾಗಿದೆ ಅಂತ ಅವರಿಗೆ ಗೊತ್ತಿಲ್ವಾ?"

"ಇಲ್ಲ ಕಣೇ" ಅಂದೆ.